ಹೊನ್ನವಳ್ಳಿಯ ಕಾಗದದ ಗೂಡು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಸಾಗುವ ರೈಲುಗಾಡಿ ತುಮಕೂರನ್ನೂ ಗುಬ್ಬಿಯನ್ನೂ ಹಿಂದಿಕ್ಕಿತೆಂದರೆ, ಕಿಟಕಿಯ ಪಕ್ಕದಲ್ಲಿ ಕುಳಿತ ಪ್ರಯಾಣಿಕನಿಗೆ ಸೀಮೆ ಬದಲಾದುದು ತಾನಾಗಿ ತಿಳಿಯುತ್ತದೆ. ರಾಗಿಯ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ತೆಂಗಿನ ಮರಗಳು ಸಾಲಾಗುತ್ತವೆ; ಸಾಲುಗಳು ತೋಟಗಳಾಗುತ್ತವೆ; ತಿಪಟೂರು ಸಮೀಪಿಸುವ ವೇಳೆಗೆ ನೋಡಿದತ್ತೆಲ್ಲ ತೆಂಗಿನ ಗರಿಗಳೇ ತುಂಬಿ, ಆಕಾಶವೂ ಹಸಿರು ಕೊಡೆಯನ್ನು ಬಿಚ್ಚಿ ಹಿಡಿದಂತೆ ತೋರುತ್ತದೆ. ತಿಪಟೂರು ಕೊಬ್ಬರಿಯ ಪೇಟೆ. ಅಲ್ಲಿ ಇಳಿದು ವಾಯವ್ಯದ ದಾರಿ ಹಿಡಿದ ಬಸ್ಸು ಒಂದು ಗಂಟೆಯೊಳಗೆ ಹೊನ್ನವಳ್ಳಿಯನ್ನು ಮುಟ್ಟಿಸುತ್ತದೆ.

ಹೆಸರಿಗೆ ತಕ್ಕಂತೆ ಊರಿನ ದೇವಿಯೂ ಹೊನ್ನಿನವಳೇ, ಸ್ವರ್ಣಾಂಬೆ. ಇಂದು ತಿಪಟೂರು ತಾಲ್ಲೂಕಿನ ಒಂದು ಹೋಬಳಿಯಾಗಿರುವ ಈ ಊರು 1880ರ ದಶಕದವರೆಗೆ ತಾನೇ ತಾಲ್ಲೂಕಿನ ಮುಖ್ಯಸ್ಥಳವಾಗಿತ್ತೆಂಬುದನ್ನು ಹೊಸಬರು ಸುಲಭವಾಗಿ ಊಹಿಸಲಾರರು. ಬೆಂಗಳೂರಿನಿಂದ ಹರಿಹರದವರೆಗಿನ ರೈಲುಮಾರ್ಗ 1889ರಲ್ಲಿ ಪೂರ್ಣಗೊಂಡಿತು. ಹಳಿ ತಿಪಟೂರಿನ ಮೇಲೆ ಹಾದುಹೋಯಿತು. ಕಚೇರಿ, ಪೇಟೆ, ವ್ಯಾಪಾರ ಎಲ್ಲವೂ ತಿಪಟೂರಿನಲ್ಲಿಯೇ ನೆಲೆಯೂರಿದುವು. ಹೊನ್ನವಳ್ಳಿಗೆ ತೋಟಗಳು ಉಳಿದುವು, ದೇವಿ ಉಳಿದಳು, ಜಗುಲಿಯ ಮನೆಗಳು ಉಳಿದುವು.

ಆ ಜಗುಲಿಗಳನ್ನು ನೋಡುತ್ತ ನಡೆಯುವ ಪಟ್ಟಣವಾಸಿಗೆ ಒಂದು ಚಿಕ್ಕ ಸಂಗತಿ ವಿಚಿತ್ರವೆನಿಸಬಹುದು. ಹಳೆಯ ಮನೆಗಳಲ್ಲಿ ದೀಪಕ್ಕೆ ಗೂಡುಂಟು, ಒನಕೆಗೆ ಮೂಲೆಯುಂಟು, ಕೊಬ್ಬರಿಗೆ ಅಟ್ಟವುಂಟು. ಕಾಗದಕ್ಕೆ ಮಾತ್ರ ಪೆಟ್ಟಿಗೆಯಿಲ್ಲ. ನೂರು ವರ್ಷಕ್ಕೂ ಮಿಕ್ಕಿ ಈ ಬೀದಿಗಳಲ್ಲಿ ಟಪಾಲು ಹಂಚಲ್ಪಟ್ಟಿದೆ. ಹಾಗಿದ್ದೂ ಕಾಗದವನ್ನು ಇಡುವುದಕ್ಕೆ ಬಾಗಿಲ ಹೊರಗೆ ಒಂದು ಗೇಣು ಸ್ಥಳವನ್ನು ಯಾರೂ ಏಕೆ ಕಟ್ಟಲಿಲ್ಲ?

ಜಗುಲಿಯೇ ಪೆಟ್ಟಿಗೆ

ಉತ್ತರ ಸರಳವಾಗಿದೆ. ಕಾಗದವನ್ನು ಕೈಚಾಚಿ ತೆಗೆದುಕೊಳ್ಳುವವರು ಜಗುಲಿಯ ಮೇಲೆ ಸದಾ ಕುಳಿತಿರುತ್ತಿದ್ದರು. ಬತ್ತಿ ಹೊಸೆಯುವ ಅಜ್ಜಿ, ಎಲೆಯಡಿಕೆಯ ತಟ್ಟೆಯ ಮುಂದಿನ ಅಜ್ಜ, ಪಾಠ ಒಪ್ಪಿಸುವ ಮೊಮ್ಮಗ, ಇವರಲ್ಲಿ ಒಬ್ಬರಾದರೂ ಇರದ ಹಗಲೇ ಇರಲಿಲ್ಲ. ಅಂಚೆಯವನು ಬೀದಿಯ ತಿರುವಿನಲ್ಲಿಯೇ ‘ಅಜ್ಜೀ, ಕಾಗದ!’ ಎಂದು ಕೂಗುವನು. ‘ಯಾರದಪ್ಪಾ? ಕೂತ್ಕೊಂಡು ಓದಿ ಹೇಳಪ್ಪಾ’ ಎಂಬ ಉತ್ತರ ಬರುವುದು. ಓದು ಬಾರದ ಮನೆಗಳಲ್ಲಿ ಅವನೇ ಓದುಗ. ಎಷ್ಟೋ ಸಲ ಉತ್ತರ ಬರೆಯುವ ಲೇಖಕನೂ ಅವನೇ. ಮೂಲೆಗೆ ಅರಿಶಿನ ಹಚ್ಚಿದ ಕಾಗದ ಕಂಡರೆ ಮದುವೆಯ ಸುದ್ದಿಯೆಂದು ಅವನ ದನಿಯೂ ಹಿಗ್ಗುವುದು. ಸಾವಿನ ಸುದ್ದಿಯಾದರೆ ಮೊದಲು ಮನೆಯ ಹಿರಿಯರನ್ನು ಕರೆದು ಮೆಲ್ಲಗೆ ಹೇಳುವನು. ಅಂತಹ ಕಾಗದವನ್ನು ಓದಿದೊಡನೆ ಹರಿದುಹಾಕುವುದು ಪದ್ಧತಿ. ಉಳಿದ ಕಾಗದಗಳಿಗೆ ನಡುಮನೆಯ ಗೋಡೆಯಲ್ಲಿ ನೇತುಬಿಟ್ಟ ಕೊಕ್ಕೆಯ ತಂತಿಯೊಂದು ಇರುತ್ತಿತ್ತು. ಒಂದರ ಮೇಲೊಂದು ಚುಚ್ಚಿಸಿಕೊಂಡ ಕಾರ್ಡುಗಳು ವರ್ಷಗಳ ಸಂಸಾರವನ್ನೇ ಆ ತಂತಿಯಲ್ಲಿ ಪೋಣಿಸಿ ಇಡುತ್ತಿದ್ದುವು.

ಕನ್ನಡದ ಹಳೆಯ ಮಾತಿನಲ್ಲಿ ಅಂಚೆ ಎಂದರೆ ಹಂಸ. ನಳನ ಮಾತನ್ನು ದಮಯಂತಿಗೆ ಮುಟ್ಟಿಸಿದ ಹಂಸವು ಸಂದೇಶವನ್ನು ಬಾಗಿಲಲ್ಲಿ ಎಸೆದು ಹಾರಿಹೋಗಲಿಲ್ಲ. ಎದುರಿಗೆ ನಿಂತು ಹೇಳಿತು, ಮರುಮಾತನ್ನು ಕೇಳಿಕೊಂಡು ಹೋಯಿತು. ಹಳ್ಳಿಯ ಅಂಚೆಯವನೂ ಇದೇ ಸಂಪ್ರದಾಯದವನು ಎಂದರೆ ತಪ್ಪಾಗಲಾರದು.

ಮೈಸೂರು ಸೀಮೆಗೆ ಅಂಚೆ ಹೊಸದೂ ಅಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿಯೇ ಇಲ್ಲಿ ಅಂಚೆಯ ವ್ಯವಸ್ಥೆ ಏರ್ಪಟ್ಟಿತು. ಓಟದ ಆಳುಗಳು ಊರಿಂದೂರಿಗೆ ಕೈ ಬದಲಾಯಿಸುತ್ತ ಅರಮನೆಯ ಓಲೆಗಳನ್ನು ಸಾಗಿಸಿದರು. ಹೈದರನೂ ಟಿಪ್ಪುವೂ ಅದನ್ನು ಮುಂದುವರಿಸಿದರು. ಕಂಪನಿಯ ಸರ್ಕಾರ 1854ರಲ್ಲಿ ಭಾರತದ ಅಂಚೆಯನ್ನು ಒಂದು ಇಲಾಖೆಯಾಗಿ ಕಟ್ಟಿದ ಮೇಲೂ ಮೈಸೂರಿನ ಅಂಚೆ ಬೇರೆಯಾಗಿಯೇ ನಡೆದು, 1889ರಲ್ಲಿ ಅದರೊಡನೆ ಸೇರಿಹೋಯಿತು. ಹರಿಹರದ ರೈಲುಮಾರ್ಗ ಮುಗಿದುದೂ ಅದೇ ವರ್ಷ. ತಿಪಟೂರಿನ ಸೀಮೆಗೆ ದೂರದ ಕಾಗದ ಬೇಗ ಬರುವ ದಿನಗಳೂ, ಇಲ್ಲಿಯ ಮಕ್ಕಳು ದೂರ ಹೋಗುವ ದಿನಗಳೂ ಒಂದೇ ಹಳಿಯ ಮೇಲೆ ಬಂದುವು.

ಬೀಗ ಬಿದ್ದ ಬಾಗಿಲು

ಮಕ್ಕಳು ಹೋದರು. ಮೊದಲು ಓದಿಗೆ, ಆಮೇಲೆ ಕೆಲಸಕ್ಕೆ. ಬೆಂಗಳೂರಿಗೆ, ಅಲ್ಲಿಂದ ಕಡಲಾಚೆಗೆ. ತೆಂಗಿನ ಸೀಮೆಯ ಹತ್ತಾರು ಊರುಗಳಲ್ಲಿ ಕಾಣಬರುವ ಒಂದು ಮನೆಯನ್ನು ಇಲ್ಲಿ ಎಣಿಸಿಕೊಳ್ಳಬಹುದು. ಎಂಟು ಮಂದಿ ಉಣ್ಣುತ್ತಿದ್ದ ಆ ಮನೆಯಲ್ಲಿ ಈಗ ವಯಸ್ಸಾದ ದಂಪತಿಗಳಿಬ್ಬರೇ. ಬೆಳಗಿನ ಹೊತ್ತು ಯಜಮಾನರು ತೋಟಕ್ಕೆ ಹೋಗುತ್ತಾರೆ. ಮನೆಯಾಕೆ ದೇವಾಲಯಕ್ಕೋ ಆಸ್ಪತ್ರೆಗೋ ಹೋದರೆ ಬಾಗಿಲಿಗೆ ಬೀಗ. ವರ್ಷಕ್ಕೆರಡು ಸಲ ಮಕ್ಕಳ ಬಳಿಗೆ ಹೋದರಂತೂ ತಿಂಗಳುಗಟ್ಟಲೆ ಬೀಗ.

ಆದರೂ ಈ ಸೀಮೆಯ ಮನೆಯನ್ನು ಪೂರ್ತಿಯಾಗಿ ಮುಚ್ಚಿ ಹೋಗುವುದು ಕಷ್ಟ. ಅಟ್ಟದ ಮೇಲೆ ಕಾಯಿ ಇರುತ್ತದೆ. ಇಲ್ಲಿಯ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಡೆದು ಒಣಗಿಸಿದುದಲ್ಲ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟು ಬೇರೆಯಾಗುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ಉಂಡೆ ಗುಡುಗುಡು ಎಂದರೆ ಕೊಬ್ಬರಿ ಆಯಿತೆಂದು ಲೆಕ್ಕ. ಅದಾದ ಮೇಲೆಯೇ ಸುಲಿಯುವುದು, ಒಡೆಯುವುದು, ತಿಪಟೂರಿನ ಪೇಟೆಗೆ ಕಳುಹುವುದು. ಒಂದು ವರ್ಷದ ದುಡಿಮೆ ಒಂದು ವರ್ಷ ಅಟ್ಟದ ಮೇಲೆ ಕಾಯುತ್ತದೆ. ಆದ್ದರಿಂದ ಪಕ್ಕದ ಮನೆಯವರಿಗೆ ಒಂದು ಬೀಗದ ಕೈ ಕೊಟ್ಟು, ‘ಅಕ್ಕಾ, ಅಟ್ಟದ ಕಡೆ ಒಂದು ಕಣ್ಣಿರಲಿ’ ಎಂದು ಹೇಳಿಯೇ ಹೊರಡುತ್ತಾರೆ.

ಅಟ್ಟದ ಕಾಯಿಗೆ ಇಷ್ಟು ಏರ್ಪಾಡುಂಟು. ಬಾಗಿಲಿಗೆ ಬಂದ ಕಾಗದಕ್ಕೆ ಏನೂ ಇಲ್ಲ. ಬೀಗ ಕಂಡ ಅಂಚೆಯವನು ಮಾಡುವುದೇನು? ಬಾಗಿಲ ಸಂದಿಯಲ್ಲಿ ಸಿಕ್ಕಿಸುತ್ತಾನೆ, ಕಿಟಕಿಯ ಸರಳಿನೊಳಗೆ ತೂರಿಸುತ್ತಾನೆ, ಇಲ್ಲವೆ ಜಗುಲಿಯ ಮೇಲಿಟ್ಟು ಮೇಲೊಂದು ಕಲ್ಲು ಹೇರುತ್ತಾನೆ. ಗಾಳಿಯೊಡನೆ ಓರೆಯಾಗಿ ಹೊಡೆಯುವ ಹಿಂಗಾರಿನ ಮಳೆಗೆ ಕಲ್ಲು ಜಗ್ಗುವುದಿಲ್ಲ, ಕಾಗದ ಕರಗುತ್ತದೆ. ಗೆದ್ದಲಿಗೆ ವಿಳಾಸ ಓದಲು ಬಾರದು. ಕುಶಲವಾರ್ತೆಯ ಕಾಗದಗಳು ಈಗ ವಿರಳ, ನಿಜ. ಆ ಮಾತನ್ನು ಮೊಬೈಲು ಫೋನು ವಹಿಸಿಕೊಂಡಿದೆ. 2013ರಲ್ಲಿ ತಂತಿ ಸಂದೇಶವೂ ನಿಂತಿತು. ಆದರೆ ಇಂದು ಬರುವ ಟಪಾಲು ಕಡಿಮೆಯಾದಷ್ಟೂ ತೂಕವುಳ್ಳದ್ದು: ವಿಮೆಯ ಕಂತಿನ ಸೂಚನೆ, ಬ್ಯಾಂಕಿನ ಪತ್ರ, ಜಮೀನಿನ ವಿಷಯದ ನೋಟೀಸು, ದಿನಾಂಕ ಗೊತ್ತುಮಾಡಿದ ಸರ್ಕಾರಿ ಕಾಗದ. ಇಂಥದೊಂದು ನೋಟೀಸು ಜಗುಲಿಯಲ್ಲಿ ನೆನೆದು ಮುದ್ದೆಯಾದರೆ ಉತ್ತರ ಕೊಡಬೇಕಾದ ಗಡುವು ಅದಕ್ಕಾಗಿ ಕಾಯುವುದಿಲ್ಲ. ತೋಟದ ಒಂದು ಮೂಲೆಯೇ ಕೈಬಿಡುವ ಸಂದರ್ಭವೂ ಬರಬಹುದು.

ಅದಕ್ಕಾಗಿಯೇ ಗೇಟು, ಕಾಂಪೌಂಡು ಎಂದು ಹೊಸದಾಗಿ ಕಟ್ಟಿಸುವವರು ಅದರೊಡನೆಯೇ ಇಟ್ಟಿಗೆಯ ಒಂದು ಕಾಗದದ ಗೂಡನ್ನೂ ಕಟ್ಟಿಸುವುದು ಒಳಿತು. ತಗಡಿನ ಡಬ್ಬಿ ಸಾಲದೇ ಎಂದು ಕೇಳಬಹುದು. ತಗಡು ಬೇಸಗೆಯಲ್ಲಿ ಕಾಯುತ್ತದೆ, ನಾಲ್ಕು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಕಳ್ಳನ ಕೈಗೆ ಸುಲಭವಾಗಿ ಕಳಚಿಬರುತ್ತದೆ. ಇಟ್ಟಿಗೆಯ ಗೂಡು ಮನೆಯಷ್ಟೇ ಕಾಲ ಬಾಳುತ್ತದೆ.

ಕಟ್ಟುವ ಕ್ರಮ

ಇಟ್ಟಿಗೆಯ ಕಂಬದಲ್ಲಿ ಕಾಗದದ ಪೆಟ್ಟಿಗೆಯನ್ನು ಹುದುಗಿಸುವ ರೂಢಿ ಅಮೆರಿಕದಲ್ಲಿ ಹೆಚ್ಚು. ಅಲ್ಲಿ ಹಳ್ಳಿಗಾಡಿನ ಮನೆಗಳಿಗೆ ಟಪಾಲು ಹಂಚುವುದು 1896ರಲ್ಲಿ ಮೊದಲಾಯಿತು. ಮನೆಗಳು ರಸ್ತೆಯಿಂದ ದೂರ. ಅಂಚೆಯವನು ವಾಹನದಿಂದ ಇಳಿಯದೆಯೇ ಕೈಚಾಚಿ ಕಾಗದ ಹಾಕುವಂತೆ ಪೆಟ್ಟಿಗೆ ರಸ್ತೆಯ ಅಂಚಿಗೇ ಬಂದು ನಿಂತಿತು. ಅದರ ಎತ್ತರವೂ ನೆಲದಿಂದ 41ರಿಂದ 45 ಅಂಗುಲವೆಂದು ಗೊತ್ತಾಗಿದೆ. ಆದರೆ ಅಲ್ಲಿಯ ಅಂಚೆ ಇಲಾಖೆಯೇ ಇಂದು ಭಾರಿ ಇಟ್ಟಿಗೆಯ ಕಂಬ ಬೇಡವೆಂದು ಎಚ್ಚರಿಸುತ್ತದೆ. ದಾರಿ ತಪ್ಪಿದ ಕಾರು ಬಡಿದರೆ ಕಂಬ ಬಾಗದು, ಕಾರಿನೊಳಗಿನ ಜೀವ ಉಳಿಯದು. ನಾಲ್ಕು ಅಂಗುಲ ಚೌಕದ ಮರದ ಕಂಬವೇ ಲೇಸೆಂಬುದು ಅದರ ಸಲಹೆ.

ಹೊನ್ನವಳ್ಳಿಯವರು ಇದರಿಂದ ಕಲಿಯಬೇಕಾದ ಮೊದಲ ಪಾಠ ಸ್ಥಳದ್ದು. ಗೂಡು ಕಾಂಪೌಂಡಿನ ಗೆರೆಯೊಳಗೆ, ಗೇಟಿನ ಪಕ್ಕದ ಕಂಬದಲ್ಲಿ ಇರಲಿ. ರಸ್ತೆಯ ಅಂಚಿಗೆ ಚಾಚಿ ನಿಲ್ಲುವುದು ಬೇಡ. ಎರಡನೆಯ ಎಚ್ಚರಿಕೆ ಈ ಸೀಮೆಗೇ ಸಲ್ಲತಕ್ಕದ್ದು: ತೆಂಗಿನ ಮರದ ಕೆಳಗೆ ಕಟ್ಟಬಾರದು. ಐವತ್ತು ಅರವತ್ತು ಅಡಿ ಎತ್ತರದಿಂದ ಕಳಚಿದ ಕಾಯಿ ಗೂಡಿನ ತಲೆಯನ್ನೂ ಒಡೆದೀತು, ಕಾಗದ ಹಾಕಲು ಬಂದವನ ತಲೆಯನ್ನೂ ಒಡೆದೀತು.

ಇಟ್ಟಿಗೆಯನ್ನು ಆರಿಸುವುದರಲ್ಲಿ ಅವಸರ ಸಲ್ಲದು. ಎರಡನ್ನು ತಾಕಿಸಿದರೆ ಕಂಚಿನಂತೆ ಠಣ್ ಎನ್ನಬೇಕು. ಉಗುರಿನಿಂದ ಗೀಚಿದರೆ ಗೆರೆ ಮೂಡಬಾರದು. ಮೂರಡಿ ಎತ್ತರದಿಂದ ಬಿಟ್ಟರೆ ಒಡೆಯಬಾರದು. ಒಂಬತ್ತು ಅಂಗುಲ ಉದ್ದ, ನಾಲ್ಕೂವರೆ ಅಂಗುಲ ಅಗಲ, ಮೂರು ಅಂಗುಲ ದಪ್ಪದ ಇಟ್ಟಿಗೆಯಾದರೆ ಒಡೆದುಹೋಗುವುದನ್ನೂ ಸೇರಿಸಿ ನೂರೈವತ್ತು ಸಾಕು. ಕಟ್ಟುವ ಮುನ್ನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ನೆನೆಹಾಕಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡುಬಿಡುವುದರಿಂದ ಬೆಸುಗೆ ಸಡಿಲವಾಗುತ್ತದೆ. ಗಾರೆಗೆ ಒಂದು ಪಾಲು ಸಿಮೆಂಟು, ಆರು ಪಾಲು ಜರಡಿ ಹಿಡಿದ ಮರಳು.

ಎರಡಡಿ ಚೌಕ, ಒಂದೂವರೆ ಅಡಿ ಆಳದ ಗುಂಡಿ ತೋಡಿ, ತಳವನ್ನು ಗುದ್ದಿ ಗಟ್ಟಿಮಾಡಿ, ನಾಲ್ಕೈದು ಅಂಗುಲ ಜಲ್ಲಿಯ ಕಾಂಕ್ರೀಟು ಹಾಸಬೇಕು. ಅದು ಗಟ್ಟಿಯಾದ ಮೇಲೆ ಕಂಬದ ಕೆಲಸ. ಪ್ರತಿ ವರಸೆಯಲ್ಲಿಯೂ ನಾಲ್ಕು ಮಗ್ಗುಲಿಗೆ ಒಂದೂವರೆಯಂತೆ ಆರು ಇಟ್ಟಿಗೆ. ಒಂದು ಮಗ್ಗುಲಿನ ತುದಿ ಮುಂದಿನ ಮಗ್ಗುಲಿನ ತಲೆಗೆ ಆತುಕೊಳ್ಳುವಂತೆ, ಮಕ್ಕಳ ಗಿರಿಗಟ್ಟಲೆಯ ರೆಕ್ಕೆಗಳ ಹಾಗೆ, ಸುತ್ತಲೂ ಇಡಬೇಕು. ಹೊರಗೆ ಹದಿನೆಂಟು ಅಂಗುಲದ ಚೌಕ, ಒಳಗೆ ಒಂಬತ್ತು ಅಂಗುಲದ ಪೊಳ್ಳು ಸಿಕ್ಕುತ್ತದೆ. ಮುಂದಿನ ವರಸೆಯನ್ನು ಎದುರು ದಿಕ್ಕಿಗೆ ಸುತ್ತಿದರೆ ಮೂಲೆಗಳಲ್ಲಿ ಸಂದಿನ ಮೇಲೆ ಸಂದು ಬೀಳುವುದಿಲ್ಲ. ತೂಕದ ಗುಂಡು, ರಸಮಟ್ಟಗಳನ್ನು ಎರಡೆರಡು ವರಸೆಗೊಮ್ಮೆ ಹಿಡಿದು ನೋಡದ ಮೇಸ್ತ್ರಿ ಐದನೆಯ ವರಸೆಯಲ್ಲಿ ಪಶ್ಚಾತ್ತಾಪ ಪಡುತ್ತಾನೆ. ಕಂಬವನ್ನು ಒಂದೇ ದಿನದಲ್ಲಿ ಪೂರ್ತಿ ಎಬ್ಬಿಸುವುದೂ ಸರಿಯಲ್ಲ; ಕೆಳಗಿನ ಗಾರೆ ಬಿಗಿಯುವ ಮೊದಲೇ ಮೇಲಿನ ಭಾರ ಬಿದ್ದರೆ ಕಂಬ ಓಲುತ್ತದೆ.

ನೆಲದ ಮೇಲೆ ಒಂಬತ್ತು ವರಸೆಯವರೆಗೆ ಪೊಳ್ಳನ್ನು ಇಟ್ಟಿಗೆಯ ಚೂರು, ಗಾರೆಗಳಿಂದ ತುಂಬಿ, ಅದರ ಮೇಲೆ ಒಂದು ಕಡಪ ಕಲ್ಲನ್ನು ಹಾಸಿದರೆ ಅದೇ ಗೂಡಿನ ನೆಲ. ಈ ಕಲ್ಲು ಮನೆಯ ಕಡೆಗೆ ಕೊಂಚ ಇಳಿಜಾರಾಗಿರಲಿ. ಹೇಗೋ ನುಗ್ಗಿದ ನೀರು ಹಿಂದಿನ ಬಾಗಿಲ ಕೆಳಗೆ ಜಾರಿಹೋಗುತ್ತದೆ. ಅಲ್ಲಿ ಬಿಟ್ಟ ಸಂದಿಗೆ ಸಣ್ಣ ಕಣ್ಣಿನ ತಂತಿಬಲೆ ಬಡಿಯದಿದ್ದರೆ ಇರುವೆಯೂ ಹಲ್ಲಿಯೂ ಬಾಡಿಗೆಯಿಲ್ಲದೆ ಸಂಸಾರ ಹೂಡುತ್ತವೆ. ಅಲ್ಲಿಂದ ಮೇಲೆ ಐದು ವರಸೆ ಗೂಡಿನ ಎತ್ತರ, ಸುಮಾರು ಹದಿನೇಳು ಅಂಗುಲ. ಒಂಬತ್ತು ಅಂಗುಲ ಅಗಲದ ಈ ಗೂಡಿನಲ್ಲಿ ಸಾಮಾನ್ಯ ಲಕೋಟೆಯಷ್ಟೇ ಅಲ್ಲ, ವಾರಪತ್ರಿಕೆಯೂ ಮಡಿಕೆಯಿಲ್ಲದೆ ನೆಟ್ಟಗೆ ನಿಲ್ಲುತ್ತದೆ.

ಬೀದಿಯ ಕಡೆಯ ಬಾಯಿಯೇ ಇಡೀ ಕೆಲಸದ ಜೀವಾಳ. ಅದು ಗೂಡಿನ ಮೇಲ್ತುದಿಯ ಹತ್ತಿರ, ನೆಲದಿಂದ ಸುಮಾರು ಕಾಲು ಕಡಿಮೆ ನಾಲ್ಕಡಿಯಿಂದ ನಾಲ್ಕಡಿಯೊಳಗಿನ ಎತ್ತರದಲ್ಲಿ ಇದ್ದರೆ ಕಾಲ್ನಡಿಗೆಯವನಿಗೂ ಸೈಕಲಿನ ಮೇಲಿದ್ದವನಿಗೂ ಬಾಗುವ ಕಷ್ಟವಿಲ್ಲ. ಉದ್ದ ಒಂಬತ್ತು ಅಂಗುಲ, ಎತ್ತರ ಒಂದೂವರೆ ಅಂಗುಲ. ಅದಕ್ಕಿಂತ ಹಿರಿದಾದರೆ ಕೈ ಒಳನುಗ್ಗುತ್ತದೆ. ಕಿರಿದಾದರೆ ಅಂಚೆಯವನು ಕಾಗದವನ್ನು ಮುರಿದು ತುರುಕಬೇಕಾಗುತ್ತದೆ. ಎರಡು ಕಡಪ ಹಲಗೆಗಳ ನಡುವೆ ಈ ಬಾಯಿಯನ್ನು ಬಿಟ್ಟು, ಹೊರತುದಿ ತಗ್ಗಾಗಿ ಒಳತುದಿ ಎತ್ತರವಾಗುವಂತೆ ಓರೆಯಾಗಿ ಕೂರಿಸಬೇಕು. ಕಾಗದ ಏರಿ ಒಳಗೆ ಬೀಳುತ್ತದೆ. ಮಳೆಯ ನೀರು ಏರಲಾರದೆ ಹೊರಕ್ಕೇ ಹರಿಯುತ್ತದೆ. ಹೊರಗೊಂದು ಹಿತ್ತಾಳೆಯ ಮುಚ್ಚಳ ನೇತುಬಿದ್ದರೆ ಕಣಜದ ಹುಳುಗಳಿಗೂ ಪ್ರವೇಶವಿಲ್ಲ.

ಹಿಂದಿನ ಬಾಗಿಲು ಕಾಂಪೌಂಡಿನ ಒಳಕ್ಕೆ ತೆರೆಯಬೇಕು. ತೇಗದ ಹಲಗೆಯಾದರೆ ಉತ್ತಮ; ಬೀಗ ಹಾಕುವ ಚಿಲುಕ ಅಗತ್ಯ. ಗೂಡಿನ ತಲೆಗೆ ಮತ್ತೊಂದು ಕಲ್ಲು ಹಾಸಿ, ಮೂರು ವರಸೆ ಏರಿಸಿ, ಎರಡೆರಡು ಅಂಗುಲ ಹೊರಚಾಚಿದ ಕಲ್ಲನ್ನು ಟೋಪಿಯಂತೆ ಇಟ್ಟರೆ ಕಂಬ ಐದಡಿಗೆ ಮುಗಿಯುತ್ತದೆ. ಟೋಪಿಯ ಕೆಳಮೈಯಲ್ಲಿ ಅಂಚಿನುದ್ದಕ್ಕೂ ಒಂದು ಗೀರು ಕೊರೆಸುವುದನ್ನು ಮರೆಯಬಾರದು. ಕಲ್ಲಿನ ಅಡಿಯಲ್ಲಿ ತೆವಳಿ ಬರುವ ಹನಿ ಆ ಗೀರನ್ನು ದಾಟಲಾರದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಕೊನೆಗೆ ಗೋಣಿಚೀಲ ಸುತ್ತಿ ಏಳು ದಿನವಾದರೂ ನೀರುಣಿಸಬೇಕು. ಇದು ಮನೆಯ ಮಕ್ಕಳಿಗೆ ವಹಿಸಬಹುದಾದ ಕೆಲಸ; ಒಂದು ವಾರ ತಾವು ನೀರೆರೆದ ಕಂಬವನ್ನು ಅವರು ಬದುಕಿನುದ್ದಕ್ಕೂ ನೆನೆಯುತ್ತಾರೆ.

ಕಂಬದ ಮುಖದ ಮೇಲೆ ಯಜಮಾನರ ಹೆಸರು, ಮನೆಯ ಸಂಖ್ಯೆ, ಊರು, ಪಿನ್ ಸಂಖ್ಯೆಗಳನ್ನು ಕೆತ್ತಿಸಿದರೆ ಕೆಲಸ ಪೂರ್ಣ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಈ ಸಂಖ್ಯೆ ತುಮಕೂರು ಜಿಲ್ಲೆಯಲ್ಲಿ 572ರಿಂದ ಮೊದಲಾಗುತ್ತದೆ. ಮೊದಲ ಅಂಕಿ ದಕ್ಷಿಣದ ವಲಯವನ್ನೂ, ಕೊನೆಯ ಮೂರು ಅಂಕಿಗಳು ಹಂಚುವ ಅಂಚೆ ಕಚೇರಿಯನ್ನೂ ಹೇಳುತ್ತವೆ. ಒಂದೇ ಹೆಸರಿನ ನಾಲ್ಕಾರು ಹಳ್ಳಿಗಳಿರುವ ನಾಡಿನಲ್ಲಿ ಕಾಗದ ದಾರಿತಪ್ಪದಂತೆ ಕಾಯುವುದು ಈ ಅಂಕಿಗಳೇ.

ಬೀಗದ ಕೈ ಯಾರ ಬಳಿ?

ಇಷ್ಟಾದರೂ ಗೂಡು ಎಲ್ಲವನ್ನೂ ಮಾಡಲಾರದು. ಸಹಿ ಹಾಕಿ ಪಡೆಯಬೇಕಾದ ಟಪಾಲನ್ನು ಅಂಚೆಯವನು ಅದರಲ್ಲಿ ಹಾಕುವಂತಿಲ್ಲ. ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಡನೆ ಸೇರಿಹೋಯಿತಾದರೂ, ಕೈಯಿಂದ ಕೈಗೆ ಕೊಡಬೇಕಾದ ಕಾಗದಕ್ಕೆ ಕೈ ಬೇಕೇ ಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಂದುಹೋದ ಸೂಚನೆಯ ಚೀಟಿಯನ್ನು ಗೂಡಿಗೆ ಹಾಕಿಹೋದಾನು. ಆ ಚೀಟಿಯನ್ನು ಯಾರಾದರೂ ಅಂದೇ ತೆಗೆದು ನೋಡಿದರೆ ಕಾಗದವನ್ನು ಅಂಚೆ ಕಚೇರಿಯಿಂದ ತರಬಹುದು. ತಿಂಗಳ ಮೇಲೆ ನೋಡಿದರೆ ಅದು ಕಳುಹಿಸಿದವರಿಗೇ ಹಿಂದಿರುಗಿರುತ್ತದೆ. ಓದಿ ಹೇಳುವುದು, ಉತ್ತರ ಬರೆದುಕೊಡುವುದು, ‘ಅಜ್ಜಿ ಎರಡು ದಿನದಿಂದ ಜಗುಲಿಗೆ ಬಂದಿಲ್ಲವಲ್ಲ’ ಎಂದು ಗಮನಿಸಿ ಒಳಗೆ ಇಣುಕುವುದು, ಇವೂ ಇಟ್ಟಿಗೆಯಿಂದ ಆಗುವ ಕೆಲಸಗಳಲ್ಲ.

ಆದ್ದರಿಂದ ಕಂಬ ಕಟ್ಟಿಸಿದ ಮನೆಯವರು ಬೀಗಕ್ಕೆ ಎರಡು ಕೈ ಮಾಡಿಸಬೇಕು. ಒಂದು ತಮ್ಮ ಬಳಿ. ಇನ್ನೊಂದು ಅಟ್ಟದ ಕಾಯನ್ನು ನೋಡಿಕೊಳ್ಳುವ ಪಕ್ಕದ ಮನೆಯ ಅಕ್ಕನ ಬಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕೆ ಬಂದು ಗೂಡನ್ನು ತೆರೆದು ನೋಡಿ, ಸರ್ಕಾರದ ಮೊಹರಿನ ಕಾಗದವೇನಾದರೂ ಇದ್ದರೆ ಬೆಂಗಳೂರಿಗೆ ಒಂದು ಫೋನು ಮಾಡಿದರೆ ಸಾಕು. ‘ನಿಮ್ಮ ತೋಟದ ವಿಷಯ ಏನೋ ಬಂದಿದೆ, ಬೇಗ ಬನ್ನಿ’ ಎಂಬ ಆ ಒಂದು ಮಾತಿಗಾಗಿಯೇ ನೂರೈವತ್ತು ಇಟ್ಟಿಗೆಯ ಶ್ರಮ.

ಹೊನ್ನವಳ್ಳಿಯಿಂದ ತಿಪಟೂರಿಗೆ ಮರಳುವ ಕೊನೆಯ ಬಸ್ಸಿನ ವೇಳೆಗೆ ತೋಟಗಳ ಮೇಲೆ ಕತ್ತಲಿಳಿದಿರುತ್ತದೆ. ಗರಿಗಳ ಸದ್ದಿನ ನಡುವೆ ಒಂದೊಂದು ಜಗುಲಿಯಲ್ಲಿ ದೀಪ ಕಾಣುತ್ತದೆ, ಒಂದೊಂದು ಜಗುಲಿ ಕತ್ತಲಾಗಿಯೇ ಇರುತ್ತದೆ. ಕತ್ತಲಾದ ಮನೆಯ ಗೇಟಿನ ಬಳಿ ಯಾರೋ ಬಾಗಿ ಪುಟ್ಟ ಬಾಗಿಲೊಂದನ್ನು ತೆರೆದು ನೋಡುವಂತಿದ್ದರೆ, ಆ ಮನೆಯ ಬಾಗಿಲಿಗೆ ಬೀಗ ಬಿದ್ದಿದೆಯೇ ಹೊರತು ಮನೆ ಮುಚ್ಚಿಹೋಗಿಲ್ಲ.